ಹುದುಲಿನ ಮೇಲೆ ಹಾಸಿದ ಹಳಿ: ರಾನಕ್ ಮೂರ್ ರೈಲುದಾರಿಯ ಪ್ರಕರಣ ಅಧ್ಯಯನ

ಮಣ್ಣು ಸುರಿದರೆ ಏರಿ ಏಳುತ್ತದೆ. ಏರಿಯ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಸ್ಲೀಪರ್ ಎಂಬ ಅಡ್ಡ ದಿಮ್ಮಿ, ಸ್ಲೀಪರ್ ಮೇಲೆ ಹಳಿ. ರೈಲುದಾರಿ ಕಟ್ಟುವವರ ಲೆಕ್ಕ ಮೇಲ್ನೋಟಕ್ಕೆ ಇಷ್ಟೇ. ಸ್ಕಾಟ್ಲೆಂಡಿನ ರಾನಕ್ ಮೂರ್ ಎಂಬ ಬಯಲಿನಲ್ಲಿ 1890ರ ದಶಕದ ಶುರುವಿನಲ್ಲಿ ಈ ಲೆಕ್ಕದ ಮೊದಲ ಸಾಲೇ ತಪ್ಪಿತು. ಸುರಿದ ಮಣ್ಣನ್ನು ನೆಲ ನುಂಗಿತು. ಇನ್ನಷ್ಟು ಸುರಿದರು, ಅದನ್ನೂ ನುಂಗಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತೀವಲ್ಲ, ಹಾಗೆ.

ಅದೇ ಬಯಲಿನ ಮೇಲೆ ಇವತ್ತೂ ರೈಲು ಓಡುತ್ತಿದೆ. 130 ವರ್ಷ ದಾಟಿತು. ಕಟ್ಟಿದ ಕಥೆಯನ್ನು ಬಹಳ ಜನ ಹೇಳಿದ್ದಾರೆ, ಅದು ರೋಚಕವೂ ಹೌದು. ಆದರೆ ಕಟ್ಟಿದ್ದು ಐದು ವರ್ಷ, ಕಾಪಾಡಿಕೊಂಡು ಬಂದಿರುವುದು ನೂರ ಮೂವತ್ತು ವರ್ಷ. ಐದು ವರ್ಷದಲ್ಲಿ ತೆಗೆದುಕೊಂಡ ಯಾವ ನಿರ್ಧಾರ ಆಮೇಲಿನವರ ಕೈ ಹಿಡಿಯಿತು, ಯಾವುದು ಅವರ ಬೆನ್ನು ಮುರಿಯಿತು ಅನ್ನುವುದನ್ನು ಈ ಒಂದು ದಾರಿ ಇಟ್ಟುಕೊಂಡು ನೋಡೋಣ.

ದಾರಿ ಅಲ್ಲಿಗೇ ಯಾಕೆ ಹೋಯಿತು

ಗ್ಲಾಸ್ಗೋ ಕಡೆಯಿಂದ ಉತ್ತರಕ್ಕೆ, ಬೆಟ್ಟಗಳ ನಡುವೆ ಫೋರ್ಟ್ ವಿಲಿಯಂ ಎಂಬ ಊರು. ಅಲ್ಲಿಗೆ ರೈಲು ಬೇಕು ಎಂಬ ಕೂಗು ಹಳೆಯದು. ಇನ್ನೊಂದು ಕಂಪನಿ ಗ್ಲೆನ್ ಕೋ ಕಣಿವೆಯ ಮೂಲಕ ಹೋಗುವ ಯೋಜನೆ ತಂದಿತ್ತು. 1883ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನು ತಳ್ಳಿಹಾಕಿತು. ಆಮೇಲೆ ಬಂದದ್ದು ವೆಸ್ಟ್ ಹೈಲ್ಯಾಂಡ್ ರೈಲ್ವೆ. ಕ್ಲೈಡ್ ನದಿಯ ದಂಡೆಯ ಕ್ರೇಗೆಂಡೋರನ್‌ನಿಂದ ಫೋರ್ಟ್ ವಿಲಿಯಂವರೆಗೆ ಸುಮಾರು 100 ಮೈಲಿ, ಅಂದರೆ 160 ಕಿಲೋಮೀಟರ್, ಒಂಟಿ ಹಳಿ. 1889ರ ಆಗಸ್ಟಿನಲ್ಲಿ ಇದಕ್ಕೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು.

ದಾರಿಯುದ್ದಕ್ಕೂ ದೊಡ್ಡ ಊರಿಲ್ಲ. ಸಾಗಿಸಲು ಕುರಿ, ಮೀನು, ಒಂದಿಷ್ಟು ಸರಕು. ಬೇಟೆಗೆ ಬರುವ ಸಿರಿವಂತರು. ಇಷ್ಟು ಕಡಿಮೆ ಗಳಿಕೆಯ ದಾರಿಗೆ ಜಾಸ್ತಿ ದುಡ್ಡು ಸುರಿಯುವವರು ಯಾರು? ಹಾಗಾಗಿ ಮೊದಲ ದಿನದಿಂದಲೇ ಇದು ಅಗ್ಗದಲ್ಲಿ ಕಟ್ಟಬೇಕಾದ ದಾರಿಯಾಗಿತ್ತು. ಟೈಂಡ್ರಮ್ ದಾಟಿ ಬ್ರಿಜ್ ಆಫ್ ಓರ್ಕಿಗೆ ಹೋಗುವಾಗ ಇದು ಕಣ್ಣಿಗೇ ಕಾಣುತ್ತದೆ. ಎದುರಿಗೆ ಕಣಿವೆ. ಅಡ್ಡಕ್ಕೆ ಒಂದು ದೊಡ್ಡ ಸೇತುವೆ ಹಾಕಿದ್ದರೆ ನೇರ ದಾಟಬಹುದಿತ್ತು. ಕಂಪನಿಯ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಹಳಿ ಕಣಿವೆಯ ಒಂದು ಮಗ್ಗುಲು ಹಿಡಿದು ಒಳಕ್ಕೆ ಹೋಗಿ, ಸಣ್ಣ ಸೇತುವೆಗಳ ಮೇಲೆ ತಿರುಗಿ, ಇನ್ನೊಂದು ಮಗ್ಗುಲು ಹಿಡಿದು ವಾಪಸ್ ಬರುತ್ತದೆ, ಕುದುರೆ ಲಾಳದ ಆಕಾರದಲ್ಲಿ. ಈಗ ಪ್ರವಾಸಿಗಳು ಕಿಟಕಿಗೆ ಮುಗಿಬಿದ್ದು ಫೋಟೋ ತೆಗೆಯುವ ಜಾಗ ಅದು. ಹಳಿ ನೋಡಿಕೊಳ್ಳುವವರಿಗೆ ಮಾತ್ರ ಅದು ಬಿಗಿ ತಿರುವು. ತಿರುವಿನಲ್ಲಿ ಗಾಲಿಯ ಅಂಚು ಹಳಿಯ ಪಕ್ಕಕ್ಕೆ ಉಜ್ಜುತ್ತದೆ, ನೇರ ಹಳಿಗಿಂತ ಬೇಗ ಸವೆಯುತ್ತದೆ. ಅವತ್ತು ಉಳಿಸಿದ ಸೇತುವೆಯ ದುಡ್ಡನ್ನು ಕಂತು ಕಂತಾಗಿ ಹಳಿ ಬದಲಿಸಿ ತೀರಿಸುತ್ತಿದ್ದಾರೆ ಅನ್ನಬಹುದು.

ರಾನಕ್ ಮೂರ್ ಕೂಡ ಇಂಥದ್ದೇ ಲೆಕ್ಕ. ಆ ಬಯಲು ಸುಮಾರು 130 ಚದರ ಕಿಲೋಮೀಟರ್ ಇದೆ. ಹಿಮಗಾಲದಲ್ಲಿ ದಪ್ಪ ಮಂಜುಗಡ್ಡೆ ಕೂತು ಕೆರೆದು ಹೋದ ಗ್ರಾನೈಟ್ ಬೋಗುಣಿ ಅದು. ತುಂಬ ಕೆರೆ, ಕುಂಟೆ, ಬಂಡೆ, ಉಳಿದದ್ದೆಲ್ಲ ಹುದುಲು. ಮನೆಯಿಲ್ಲ, ಹೊಲವಿಲ್ಲ. ನಕ್ಷೆಯ ಮೇಲೆ ನೋಡಿದರೆ ಹೆಚ್ಚು ಏರುಪೇರಿಲ್ಲದ ನೆಲ. ಸುರಂಗ ಕೊರೆಯಬೇಕಿಲ್ಲ, ಕಣಿವೆ ದಾಟಬೇಕಿಲ್ಲ. ಕಾಗದದ ಮೇಲೆ ಇದಕ್ಕಿಂತ ಸಲೀಸು ಇನ್ನೇನು ಬೇಕು?

ನೆಲ ನೋಡಲು ಹೋದ ಏಳು ಜನ

1889ರ ಜನವರಿ 30ರಂದು ಏಳು ಜನ ಈ ನೆಲ ನೋಡಲು ಕಾಲ್ನಡಿಗೆಯಲ್ಲಿ ಹೊರಟರು. ಎಂಜಿನಿಯರ್ ಚಾರ್ಲ್ಸ್ ಫಾರ್ಮನ್, ಗುತ್ತಿಗೆದಾರ ರಾಬರ್ಟ್ ಮ್ಯಾಕಾಲ್ಪೈನ್, ಜೊತೆಗೆ ವಕೀಲರು, ಜಮೀನ್ದಾರಿ ನೋಡಿಕೊಳ್ಳುವ ಮೇನೇಜರುಗಳು. ಸ್ಪೀನ್ ಬ್ರಿಜ್‌ನಿಂದ ಇನ್ವೆರೋರನ್‌ವರೆಗೆ 40 ಮೈಲಿಯ ದಾರಿ. ನಡು ಚಳಿಗಾಲ. ಅಲ್ಲಿ ಆ ತಿಂಗಳಲ್ಲಿ ಸಂಜೆ ನಾಲ್ಕೂವರೆಗೆಲ್ಲ ಬೆಳಕು ಹೋಗುತ್ತದೆ. ಇವರ ಮೈಮೇಲೆ ಪೇಟೆಯ ಬಟ್ಟೆ. ಒಬ್ಬರ ಕೈಯಲ್ಲಂತೂ ಕೊಡೆ.

ಕತ್ತಲಾಯಿತು, ಮಳೆ ಹಿಡಿಯಿತು, ಗುಂಪು ಚದುರಿತು. ಒಬ್ಬರು ಮುಂದೆ ಹೆಜ್ಜೆ ಇಡಲಾಗದೆ ಕುಸಿದರು, ಇನ್ನೊಬ್ಬರು ಬೇಲಿಗೆ ಎಡವಿ ಬಿದ್ದು ಎಚ್ಚರ ತಪ್ಪಿದರು. ಆಮೇಲೆ ಅದೇ ಬೇಲಿ ಹಿಡಿದು ಹೋದಾಗ ಕುರಿ ಕಾಯುವವರು ಸಿಕ್ಕಿ, ಎಲ್ಲರೂ ಜೀವ ಉಳಿಸಿಕೊಂಡರು. ಕೆಲಸದ ದೃಷ್ಟಿಯಿಂದ ಈ ನಡಿಗೆಯಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೇ. ಕತ್ತಲಲ್ಲಿ ಮೊಣಕಾಲುದ್ದ ಕೆಸರಲ್ಲಿ ಹೋದವರು ನೆಲದ ಆಳ ಹೇಗೆ ಅಳೆಯುತ್ತಾರೆ? ಆದರೂ ಆ ನೆಲದ ಮೇಲೆ ಮನುಷ್ಯನೇ ನೆಟ್ಟಗೆ ನಿಲ್ಲಲಾರ ಅನ್ನುವುದು ಅವರಿಗಂತೂ ಕಾಲಿಗೇ ಗೊತ್ತಾಯಿತು. ಅದಾದ ಮೇಲೂ ದಾರಿ ಅಲ್ಲೇ ಹೋಯಿತು.

ಹುದುಲು ಅಂದರೆ ಏನು

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪ್ರಕರಣದ ಜೀವಾಳ ಇರುವುದು ನೆಲದ ಗುಣದಲ್ಲಿ.

ಈ ಹುದುಲಿನ ಮಣ್ಣಿಗೆ ಪೀಟ್ ಅನ್ನುತ್ತಾರೆ. ಮಣ್ಣು ಅಂತ ಕರೆಯುವುದೇ ತಪ್ಪೇನೋ. ಪಾಚಿ, ಹುಲ್ಲು, ಪೊದೆಗಳು ಸತ್ತು ನೀರಿನಲ್ಲಿ ಮುಳುಗಿ, ಗಾಳಿ ಸಿಗದೆ ಪೂರ್ತಿ ಕೊಳೆಯದೆ, ಪದರ ಪದರವಾಗಿ ಕೂತದ್ದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಐದು ಮೀಟರ್ ಆಳದ ಪೀಟ್ ಅಂದರೆ ಐದು ಸಾವಿರ ವರ್ಷದ ಲೆಕ್ಕ. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಒಂದು ಮುಷ್ಟಿ ತೆಗೆದು ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಜಿನುಗಿ, ಕೈಯಲ್ಲಿ ಒಂದು ಚೂರು ನಾರು ಉಳಿಯುತ್ತದೆ.

ಇಂಥ ನೆಲದ ಮೇಲೆ ಭಾರ ಹೇರಿದರೆ ಎರಡರಲ್ಲಿ ಒಂದು ಆಗುತ್ತದೆ. ಭಾರ ಒಂದೇ ಸಲಕ್ಕೆ ಬಿದ್ದರೆ ಪೀಟ್ ಹರಿದು ಪಕ್ಕಕ್ಕೆ ಉಬ್ಬುತ್ತದೆ, ಮೇಲಿದ್ದದ್ದು ಮುಳುಗುತ್ತದೆ. ನಿಧಾನಕ್ಕೆ ಹೇರಿದರೆ ಸ್ಪಂಜಿನ ಹಾಗೆ ನೀರು ಬಿಟ್ಟು ಕುಗ್ಗುತ್ತದೆ. ಮೊದಲು ಬೇಗ ಕುಗ್ಗುತ್ತದೆ, ಆಮೇಲೆ ನಿಧಾನವಾಗಿ. ಆ ನಿಧಾನದ ಕುಗ್ಗುವಿಕೆ ಮಾತ್ರ ನಿಲ್ಲುವುದೇ ಇಲ್ಲ, ದಶಕಗಟ್ಟಲೆ ನಡೆಯುತ್ತಲೇ ಇರುತ್ತದೆ. ಜೇಡಿಮಣ್ಣಿನ ಮೇಲೆ ಕಟ್ಟಿದವರು ಕೆಲವು ವರ್ಷ ಕಾದು "ಇನ್ನು ಕೂತಿತು" ಅನ್ನಬಹುದು. ಪೀಟ್ ಮೇಲೆ ಕಟ್ಟಿದವರು ಹಾಗೆ ಅನ್ನುವಂತಿಲ್ಲ.

ಪೀಟ್‌ಗೆ ಒಂದು ಒಳ್ಳೆಯ ಗುಣವೂ ಇದೆ. ಅದರ ಮೇಲ್ಪದರ ಬೇರು, ನಾರು ಹೆಣೆದುಕೊಂಡ ಚಾಪೆ. ಆ ಚಾಪೆ ಹರಿಯದ ಹಾಗೆ ನೋಡಿಕೊಂಡರೆ ಅದೇ ಸಾಕಷ್ಟು ಭಾರ ತಡೆಯುತ್ತದೆ. ಅನುಭವವಿಲ್ಲದವರು ಮೊದಲು ಮಾಡುವ ಕೆಲಸವೇ ಮೇಲ್ಪದರ ಕೆತ್ತಿ "ಗಟ್ಟಿ ನೆಲ" ಹುಡುಕುವುದು. ಇಲ್ಲಿ ಹಾಗೆ ಕೆತ್ತಿದರೆ ಇದ್ದ ಗಟ್ಟಿಯೂ ಹೋಯಿತು.

ತೇಲಿಸಿದ ರೀತಿ

ರಾನಕ್‌ನಲ್ಲಿ ಕೆಲಸ ಹಿಡಿದದ್ದು ಲೂಕಸ್ ಅಂಡ್ ಏರ್ಡ್ ಎಂಬ ಗುತ್ತಿಗೆ ಕಂಪನಿ. ಇಡೀ ದಾರಿಯಲ್ಲಿ ಕೆಲಸ ಜೋರಾಗಿದ್ದಾಗ ಸುಮಾರು 5,000 ಆಳುಗಳು ದುಡಿಯುತ್ತಿದ್ದರು. ಬಯಲಿನಲ್ಲಿ ಅವರು ಕೊನೆಗೆ ಹಿಡಿದದ್ದು ಹಳೆಯ ಉಪಾಯ. ಜಾರ್ಜ್ ಸ್ಟೀಫನ್‌ಸನ್ 1820ರ ದಶಕದ ಕೊನೆಯಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುದಾರಿಯನ್ನು ಚಾಟ್ ಮಾಸ್ ಎಂಬ ಹುದುಲಿನ ಮೇಲೆ ಹೀಗೇ ದಾಟಿಸಿದ್ದರು: ಮುಳುಗಿಸಿ ತಳ ಮುಟ್ಟಿಸುವ ಹಟ ಬಿಟ್ಟು ತೇಲಿಸುವುದು.

ಮೊದಲು ಬದಿಯ ಚರಂಡಿ ತೋಡಿ ಮೇಲಿನ ನೀರು ಇಳಿಸಬೇಕು. ನಂತರ ಪುರಲೆ, ಕೊಂಬೆ, ಮರದ ಬೇರು, ಬೊಡ್ಡೆಗಳನ್ನು ಅಡ್ಡಡ್ಡ ಹಾಸಿ ದಪ್ಪನೆಯ ಚಾಪೆ ಮಾಡಬೇಕು. ಅದರ ಮೇಲೆ ಬೇರು ಸಮೇತ ಕಿತ್ತ ಹುಲ್ಲಿನ ಹೆಂಟೆ, ಬೂದಿ, ಮಣ್ಣು. ರಾನಕ್‌ನ ಹುದುಲಿನ ಮೇಲೆ ಹೀಗೆ ಹೇರಿದ ಬೂದಿ, ಮಣ್ಣು ಸಾವಿರಾರು ಟನ್. ಕೊಂಬೆಗಳ ಚಾಪೆ ರೈಲಿನ ಭಾರವನ್ನು ಹಳಿಯ ಕೆಳಗಿನ ಸಣ್ಣ ಪಟ್ಟಿಯಲ್ಲೇ ಒತ್ತಲು ಬಿಡದೆ ಅಗಲಕ್ಕೆ ಹರಡುತ್ತದೆ. ಕೆಸರಿನಲ್ಲಿ ಹಲಗೆ ಹಾಕಿ ನಡೆದ ಹಾಗೆ.

ಬೂದಿಯ ವಿಷಯ ನನಗೆ ಬಹಳ ಇಷ್ಟ. ಉಗಿ ಎಂಜಿನ್ನಿನ ಕಾಲದಲ್ಲಿ ಬೂದಿ ರಾಶಿ ರಾಶಿ ಬೀಳುತ್ತಿತ್ತು, ಎಸೆಯಬೇಕಾದ ಕಸ. ತೂಕದಲ್ಲಿ ಜಲ್ಲಿಯ ಅರ್ಧದಷ್ಟು. ಅಂದರೆ ಎತ್ತರ ಅಷ್ಟೇ ಸಿಗುತ್ತದೆ, ಭಾರ ಮಾತ್ರ ಅರ್ಧ. ಹುದುಲಿನ ಮೇಲೆ ಅದಕ್ಕಿಂತ ಇನ್ನೇನು ಬೇಕು? 1972ರಿಂದ ನಾರ್ವೆಯಲ್ಲಿ ಮೆತ್ತನೆ ನೆಲದ ಮೇಲಿನ ರಸ್ತೆಗಳಿಗೆ ಥರ್ಮಾಕೋಲ್‌ನ ದೊಡ್ಡ ದೊಡ್ಡ ದಿಮ್ಮಿ ಹಾಕಿ ಏರಿ ಕಟ್ಟುತ್ತಿದ್ದಾರೆ. ಅದನ್ನು ಆಧುನಿಕ ತಂತ್ರ ಅಂತ ಬರೆಯುತ್ತಾರೆ, ಬರೆಯಲಿ. ಅದರ ಹಿಂದಿನ ತರ್ಕ ಈ ಬೂದಿಯದ್ದೇ.

ಮರ ಕೊಳೆಯುವುದಿಲ್ಲವೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಇದಕ್ಕೆ ಉತ್ತರ ಆ ಹುದುಲೇ ಕೊಡುತ್ತದೆ. ರಾನಕ್ ಮೂರ್‌ನ ಪೀಟ್ ಕೊಚ್ಚಿಹೋದ ಕಡೆ ಹಳೆಯ ಪೈನ್ ಮರದ ಬೊಡ್ಡೆಗಳು ಬೇರು ಚಾಚಿಕೊಂಡು ಕಾಣಿಸುತ್ತವೆ. ಅವು ಸಾವಿರಾರು ವರ್ಷ ಹಿಂದೆ ಅಲ್ಲಿದ್ದ ಕಾಡಿನವು. ನೀರಿನಲ್ಲಿ ಮುಳುಗಿ ಗಾಳಿ ತಾಗದೆ ಇದ್ದರೆ ಮರ ಅಷ್ಟು ಕಾಲ ಉಳಿಯುತ್ತದೆ. ಹಾಗಾಗಿ ಹಳಿಯ ಕೆಳಗಿನ ಕೊಂಬೆಗಳಿಗೆ ನೀರು ಶತ್ರುವಲ್ಲ. ನೀರು ಬತ್ತಿದರೆ ಅವಕ್ಕೆ ಕೇಡು. ಈ ಮಾತನ್ನು ನೆನಪಿಡಿ, ಚರಂಡಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಎಲ್ಲ ಕಡೆಯೂ ತೇಲಿಸಲು ಆಗಲಿಲ್ಲ. ರಾನಕ್ ಸ್ಟೇಷನ್ನಿನ ಹತ್ತಿರ ಏರಿ ಬಿಟ್ಟು ಸೇತುವೆಯನ್ನೇ ಹಾಕಬೇಕಾಯಿತು. ಒಂಬತ್ತು ಕಣ್ಣಿನ, 208 ಮೀಟರ್ ಉದ್ದದ ಉಕ್ಕಿನ ಸೇತುವೆ, ಗ್ರಾನೈಟ್ ಕಂಬಗಳ ಮೇಲೆ.

ದುಡ್ಡು ಮುಗಿದದ್ದು

1891ರಲ್ಲಿ ಅಗೆತದ ರೇಟಿನ ವಿಷಯಕ್ಕೆ ಗುತ್ತಿಗೆದಾರರಿಗೂ ಕಂಪನಿಗೂ ಜಗಳ ಹತ್ತಿ, ಕೆಲಸ ಕೆಲವು ತಿಂಗಳು ನಿಂತಿತು. ಗುತ್ತಿಗೆ ಕೆಲಸ ಕಂಡವರಿಗೆ ಇದು ಹೊಸದಲ್ಲ. ಅಗೆದದ್ದು ಬಂಡೆಯೋ ಮಣ್ಣೋ ಅನ್ನುವುದರ ಮೇಲೆ ರೇಟು ನಿಲ್ಲುತ್ತದೆ, ಬಂಡೆಗೂ ಮಣ್ಣಿಗೂ ನಡುವಿನ ಗೆರೆ ಎಳೆಯುವವರು ಯಾರು ಅನ್ನುವುದರ ಮೇಲೆ ಜಗಳ. ನೆಲವನ್ನು ಮೊದಲೇ ಸರಿಯಾಗಿ ನೋಡದೆ ಒಪ್ಪಂದ ಬರೆದರೆ ಎಲ್ಲಿ ಬೇಕಾದರೂ ಆಗುವುದು ಇದೇ.

1893ರ ಹೊತ್ತಿಗೆ ಕಂಪನಿಯ ಕೈ ಬರಿದಾಯಿತು. ಹುದುಲು ಇನ್ನೂ ಪೂರ್ತಿ ದಾಟಿರಲಿಲ್ಲ. ಆಗ ನಿರ್ದೇಶಕರಲ್ಲೊಬ್ಬರಾದ ರೆಂಟನ್ ತಮ್ಮ ಸ್ವಂತ ಆಸ್ತಿಯ ಒಂದು ಪಾಲು ಕೊಟ್ಟು ಕೆಲಸ ನಡೆಸಿದರು. ಆಳುಗಳು ಒಂದು ದೊಡ್ಡ ಬಂಡೆಯನ್ನು ಎಳೆದುತಂದು ರಾನಕ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಲ್ಲಿಸಿ, ಬಂಡೆ ಕೊರೆಯುವ ಉಪಕರಣದಲ್ಲೇ ರೆಂಟನ್‌ರ ಮುಖ ಕೆತ್ತಿದರು. ಶಿಲ್ಪಿಗಳ ಕೆಲಸವಲ್ಲ, ನೋಡಿದರೆ ತಿಳಿಯುತ್ತದೆ. ಅದು ಇನ್ನೂ ಅಲ್ಲೇ ಇದೆ.

1894ರ ಆಗಸ್ಟ್ 7ರಂದು ದಾರಿ ಜನರಿಗೆ ತೆರೆಯಿತು. ರೈಲು ಓಡಿಸಿದ್ದು ನಾರ್ತ್ ಬ್ರಿಟಿಷ್ ರೈಲ್ವೆ.

ಎತ್ತಿದಷ್ಟೂ ಇಳಿಯುವ ಹಳಿ

ಗಟ್ಟಿ ನೆಲದ ಮೇಲೆ ಹಳಿ ಒಂದು ಕಡೆ ತಗ್ಗಿದರೆ ಏನು ಮಾಡುತ್ತಾರೆ? ಹಳಿ ಎತ್ತುತ್ತಾರೆ, ಸ್ಲೀಪರ್ ಕೆಳಗೆ ಜಲ್ಲಿ ತುರುಕಿ ಪ್ಯಾಕ್ ಮಾಡುತ್ತಾರೆ, ಮುಗಿಯಿತು. ಈಗ ಅದಕ್ಕೆ ಟ್ಯಾಂಪಿಂಗ್ ಯಂತ್ರ ಇದೆ.

ಇದೇ ಕೆಲಸವನ್ನು ಹುದುಲಿನ ಮೇಲೆ ಮಾಡಿ ನೋಡಿ. ನೂರು ಮೀಟರ್ ಉದ್ದ ಹಳಿ ಐದು ಸೆಂಟಿಮೀಟರ್ ತಗ್ಗಿದೆ ಅಂದುಕೊಳ್ಳಿ. ಜಲ್ಲಿಯ ಹಾಸು ನಾಲ್ಕು ಮೀಟರ್ ಅಗಲ. ಎತ್ತಲು 20 ಘನ ಮೀಟರ್ ಜಲ್ಲಿ ಬೇಕು, ಅಂದರೆ ಸುಮಾರು 30 ಟನ್. ಆ 30 ಟನ್ ಇನ್ನು ಅಲ್ಲೇ ಕೂರುತ್ತದೆ, ಹಗಲೂ ರಾತ್ರಿ. ರೈಲು ಬಂದು ಹೋಗುತ್ತದೆ, ಜಲ್ಲಿ ಹೋಗುವುದಿಲ್ಲ. ಹೊಸ ಭಾರಕ್ಕೆ ಪೀಟ್ ಇನ್ನಷ್ಟು ನೀರು ಬಿಟ್ಟು ಕುಗ್ಗುತ್ತದೆ. ಕೆಲವು ವರ್ಷಕ್ಕೆ ಮತ್ತೆ ಐದು ಸೆಂಟಿಮೀಟರ್, ಮತ್ತೆ 30 ಟನ್. ರೋಗಕ್ಕೆ ಕೊಟ್ಟ ಮದ್ದೇ ರೋಗ ಬೆಳೆಸಿದ ಹಾಗಾಯಿತು ಅಲ್ವಾ?

ಹುದುಲಿನ ಮೇಲಿನ ದಾರಿ ನೋಡಿಕೊಳ್ಳುವವರ ಮೊದಲ ಪಾಠ ಇದು: ಎತ್ತಬೇಡ, ಸಮ ಮಾಡು. ಹಳಿ ಒಟ್ಟಾರೆ ಎಷ್ಟು ಕೆಳಗಿದೆ ಅನ್ನುವುದು ರೈಲಿಗೆ ಅಷ್ಟೇನೂ ಮುಖ್ಯವಲ್ಲ. ಎರಡು ಹಳಿ ಒಂದಕ್ಕೊಂದು ಸಮ ಇವೆಯೇ, ಮೂರು ಮೀಟರ್ ಒಳಗೆ ಒಂದು ಹಳಿ ಎದ್ದು ಇನ್ನೊಂದು ಬಿದ್ದು ದಾರಿ ತಿರುಚಿಕೊಂಡಿದೆಯೇ ಅನ್ನುವುದು ಮುಖ್ಯ. ತಿರುಚಿದ ಹಳಿಯ ಮೇಲೆ ಬೋಗಿಯ ಒಂದು ಗಾಲಿಯ ಭಾರ ಹಗುರಾಗುತ್ತದೆ. ಹಗುರಾದ ಗಾಲಿ ಹಳಿ ಹತ್ತಿ ಇಳಿದರೆ ಅಪಘಾತ. ಇಡೀ ಉದ್ದಕ್ಕೆ ನಯವಾಗಿ ಹತ್ತು ಸೆಂಟಿಮೀಟರ್ ತಗ್ಗಿದ ದಾರಿಗಿಂತ, ಮೂರು ಮೀಟರ್‌ನಲ್ಲಿ ಎರಡು ಸೆಂಟಿಮೀಟರ್ ತಿರುಚಿದ ದಾರಿ ಎಷ್ಟೋ ಪಾಲು ಅಪಾಯ.

ಯಂತ್ರ ಬರುವ ಮುಂಚೆ ಬ್ರಿಟನ್ನಿನಲ್ಲಿ ಅಳತೆಯ ಸಲಿಕೆ ಪದ್ಧತಿ ಒಂದಿತ್ತು. ಅದರ ಕ್ರಮ ನೋಡುವ ಹಾಗಿದೆ. ಒಬ್ಬ ಗ್ಯಾಂಗ್‌ಮನ್ ಹಳಿಯ ಪಕ್ಕ ಮಂಡಿಯೂರಿ, ಕೆನ್ನೆ ಹಳಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ಹಳಿಯ ಮೇಲ್ಮೈಯನ್ನೇ ನೋಡುತ್ತಾನೆ. ತಗ್ಗು ಎಲ್ಲಿ ಅಂತ ಹೀಗೆ ಗೊತ್ತಾಗುತ್ತದೆ. ಆದರೆ ಅದು ಕಣ್ಣಿಗೆ ಕಾಣುವ ತಗ್ಗು. ಸ್ಲೀಪರ್ ಕೆಳಗೆ ಟೊಳ್ಳಿದ್ದರೆ ಬರಿ ಹಳಿ ನೋಡಿದಾಗ ತಿಳಿಯುವುದಿಲ್ಲ, ಹಳಿಯೇ ಸ್ಲೀಪರನ್ನು ಎತ್ತಿ ಹಿಡಿದಿರುತ್ತದೆ. ಅದಕ್ಕೆ ಸ್ಲೀಪರ್ ಪಕ್ಕ ಒಂದು ಸಣ್ಣ ಮಾಪಕ ನಿಲ್ಲಿಸಿ ರೈಲು ಹೋಗಲು ಬಿಡುತ್ತಾರೆ. ಗಾಲಿ ಬಂದಾಗ ಸ್ಲೀಪರ್ ಎಷ್ಟು ಕುಸಿಯಿತು ಎಂಬುದು ಅದರಲ್ಲಿ ಗುರುತಾಗುತ್ತದೆ. ಕಂಡ ತಗ್ಗು, ಕಾಣದ ಟೊಳ್ಳು ಎರಡನ್ನೂ ಕೂಡಿಸಿ, ಆ ಲೆಕ್ಕಕ್ಕೆ ಬೇಕಾದಷ್ಟೇ ಸಣ್ಣ ಜಲ್ಲಿಯನ್ನು ಚಪ್ಪಟೆ ಸಲಿಕೆಯಲ್ಲಿ ಅಳೆದು ಸ್ಲೀಪರ್ ಕೆಳಗೆ ತಳ್ಳುತ್ತಾರೆ. ಒಂದು ಹಿಡಿ ಜಾಸ್ತಿಯಿಲ್ಲ. ಟ್ರಕ್ಕುಗಟ್ಟಲೆ ಜಲ್ಲಿ ಸುರಿಯದೆ ಹಳಿ ಸಮ ಮಾಡಲು, ನನ್ನ ಪ್ರಕಾರ, ಇಂಥ ನೆಲಕ್ಕೆ ಇದಕ್ಕಿಂತ ಒಳ್ಳೆಯ ರೀತಿ ಆಮೇಲೂ ಬಂದಿಲ್ಲ. ನಿಧಾನ, ಆಳು ಜಾಸ್ತಿ ಬೇಕು, ಅದು ನಿಜ.

ಸ್ಲೀಪರ್ ಆರಿಸುವಾಗಲೂ ಇದೇ ತಕ್ಕಡಿ. ಕಾಂಕ್ರೀಟ್ ಸ್ಲೀಪರ್ ಒಂದಕ್ಕೆ 250ರಿಂದ 300 ಕಿಲೋ ತೂಕ. ಮರದ್ದು ಅದರ ಮೂರನೇ ಒಂದು ಪಾಲು. ಕಿಲೋಮೀಟರಿಗೆ 1,500 ಸ್ಲೀಪರ್ ಹಾಕಿದರೂ ಮರ ತೆಗೆದು ಕಾಂಕ್ರೀಟ್ ಹಾಕಿದಾಗ 250 ಟನ್‌ಗಿಂತ ಜಾಸ್ತಿ ಭಾರ ಏರುತ್ತದೆ. ಕಾಂಕ್ರೀಟ್ ಬಾಳಿಕೆ ಬರುತ್ತದೆ ಅನ್ನುವ ಮಾತು ಗಟ್ಟಿ ನೆಲಕ್ಕೆ ಸರಿ. ಇಲ್ಲಿ ಸ್ಲೀಪರ್ ಬಾಳುತ್ತದೆ, ಅದರ ಕೆಳಗಿನ ನೆಲ ಕೂರುತ್ತದೆ.

ಚರಂಡಿ

ರೈಲ್ವೆ ಕೆಲಸದಲ್ಲಿ ಒಂದು ಮಾತಿದೆ: ನೀರು ಹೊರಗೆ ಹಾಕು, ಉಳಿದದ್ದು ತಾನಾಗಿ ಸರಿಯಾಗುತ್ತದೆ. ನೂರರಲ್ಲಿ ತೊಂಬತ್ತು ಕಡೆ ಇದು ನಿಜ. ಜಲ್ಲಿಯ ಕೆಳಗೆ ನೀರು ನಿಂತರೆ ಪ್ರತಿ ಗಾಲಿಯ ಏಟಿಗೂ ಕೆಸರು ಮೇಲಕ್ಕೆ ಚಿಮ್ಮಿ ಜಲ್ಲಿಯ ಸಂದಿ ತುಂಬುತ್ತದೆ. ಆಮೇಲೆ ಆ ಜಲ್ಲಿ ಜಲ್ಲಿಯಾಗಿ ಉಳಿಯುವುದಿಲ್ಲ.

ಹುದುಲಿನಲ್ಲಿ ಈ ಮಾತನ್ನು ಅರ್ಧ ಮಾತ್ರ ನಂಬಬೇಕು. ಜಲ್ಲಿಯ ನೀರು ಹೋಗಬೇಕು, ಪೀಟ್‌ನ ನೀರು ಹೋಗಬಾರದು. ಏರಿಯ ಬುಡದಲ್ಲೇ ಆಳದ ಚರಂಡಿ ತೋಡಿದರೆ ಪೀಟ್ ಒಣಗಿ ಕುಗ್ಗುತ್ತದೆ, ಬಿರಿಯುತ್ತದೆ, ಗಾಳಿ ಒಳಹೋಗಿ ಸಾವಿರ ವರ್ಷ ಕೊಳೆಯದ್ದು ಈಗ ಕೊಳೆಯಲು ಶುರುಮಾಡುತ್ತದೆ. ಹಳಿಯ ಕೆಳಗಿನ ಕೊಂಬೆಯ ಚಾಪೆಯೂ ಅದರ ಜೊತೆಗೇ. ಹಾಗಂತ ಚರಂಡಿಯನ್ನು ಸುಮ್ನೆ ಬಿಟ್ಟರೆ ಅದು ಪಾಚಿ ಕಟ್ಟಿ ಮುಚ್ಚಿಹೋಗಿ, ಮೇಲೆ ನೀರು ನಿಲ್ಲುತ್ತದೆ. ಆಳ ಮಾಡದೆ, ಮುಚ್ಚಲೂ ಬಿಡದೆ, ಏರಿಯಿಂದ ದೂರದಲ್ಲಿ ತೆಳ್ಳಗೆ ಹರಿಯುವ ಹಾಗೆ ಇಟ್ಟುಕೊಳ್ಳಬೇಕು. ಇದು ಬರೆಯಲು ಸುಲಭ. ಅಗೆಯುವ ಯಂತ್ರದ ಮೇಲೆ ಕೂತವನಿಗೆ ಇನ್ನೊಂದು ಅಡಿ ಇಳಿಸೋಣ ಅನ್ನುವ ಆಸೆ ಇದ್ದೇ ಇರುತ್ತದೆ.

ಹಗುರ ರೈಲು, ನಿಧಾನ ರೈಲು

ಈ ದಾರಿಯಲ್ಲಿ ಓಡುವ ಸಾಮಾನ್ಯ ಪ್ರಯಾಣಿಕ ಡೀಸೆಲ್ ಗಾಡಿಯ ಒಂದೊಂದು ಬೋಗಿ 40 ಟನ್ನಿನೊಳಗೇ ಇರುತ್ತದೆ, ಜೋಡಿ ಗಾಲಿ ಹೊತ್ತ ನಾಲ್ಕು ಅಚ್ಚಿಗೆ ಹಂಚಿದರೆ ಅಚ್ಚಿಗೆ ಸುಮಾರು 10 ಟನ್. ಸರಕು ಎಳೆಯುವ ದೊಡ್ಡ ಡೀಸೆಲ್ ಎಂಜಿನ್ 126 ಟನ್, ಆರು ಅಚ್ಚು, ಅಚ್ಚಿಗೆ 21 ಟನ್. ಹುದುಲಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ವೇಗವೂ ಹಾಗೇ. ಮೆತ್ತನೆ ನೆಲದಲ್ಲಿ ಅಲೆ ನಿಧಾನವಾಗಿ ಸಾಗುತ್ತದೆ. ರೈಲಿನ ವೇಗ ಆ ಅಲೆಯ ವೇಗದ ಹತ್ತಿರ ಬಂದರೆ ನೆಲ ತಾಳ ತಪ್ಪಿ ಕುಣಿಯುತ್ತದೆ. 1990ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಲೆಡ್ಸ್‌ಗೋರ್ಡ್ ಎಂಬಲ್ಲಿ ವೇಗದ ರೈಲು ಬಿಟ್ಟಾಗ ಇದನ್ನು ಕಣ್ಣಾರೆ ಕಂಡರು. ವೇಗ ತಗ್ಗಿಸಿ, ಕೊನೆಗೆ ಸುಣ್ಣ, ಸಿಮೆಂಟ್ ಬೆರೆಸಿದ ಕಂಬಗಳನ್ನು ನೆಲದೊಳಗೆ ಇಳಿಸಿ ಗಟ್ಟಿ ಮಾಡಬೇಕಾಯಿತು. ರಾನಕ್‌ನಲ್ಲಿ ಆ ತೊಂದರೆ ಇಲ್ಲ, ಯಾಕೆಂದರೆ ಅಲ್ಲಿ ಯಾರಿಗೂ ಅಂಥ ಅವಸರವಿಲ್ಲ. ಬಡ ದಾರಿಯ ನಿಧಾನವೇ ಅದನ್ನು ಕಾಯ್ದಿದೆ ಅಂತ ನನಗೆ ಅನ್ನಿಸುತ್ತದೆ.

ಅಲ್ಲಿ ಇದ್ದವರು

ರಾನಕ್ ಸ್ಟೇಷನ್ನಿಗೆ ಒಂದು ರಸ್ತೆ ಬರುತ್ತದೆ, ಅಲ್ಲೇ ಮುಗಿಯುತ್ತದೆ. ಮುಂದಿನ ಸ್ಟೇಷನ್ ಕೊರೌರ್‌ಗೆ ಸಾರ್ವಜನಿಕ ರಸ್ತೆಯೇ ಇಲ್ಲ. 408 ಮೀಟರ್ ಎತ್ತರದ ಆ ಸ್ಟೇಷನ್ನಿಗೆ ಹತ್ತಿರದ ರಸ್ತೆ ಸುಮಾರು 10 ಮೈಲಿ ದೂರ. ಹಳಿ, ಸ್ಲೀಪರ್, ಜಲ್ಲಿ, ಕೆಲಸದವರು ಎಲ್ಲರೂ ರೈಲಿನಲ್ಲೇ ಬರಬೇಕು. ದಾರಿ ಕೆಟ್ಟರೆ ಅದನ್ನು ಸರಿ ಮಾಡುವ ಸಾಮಾನು ಬರುವುದೂ ಅದೇ ಕೆಟ್ಟ ದಾರಿಯಲ್ಲಿ.

ಹಾಗಾಗಿ ಹಿಂದೆ ಹಳಿ ನೋಡುವವರು ಸಂಸಾರ ಸಮೇತ ದಾರಿಯ ಪಕ್ಕದಲ್ಲೇ ಇದ್ದರು. ಬಯಲಿನ ನಡುವೆ, ಎದುರುಬದುರು ಬರುವ ರೈಲುಗಳು ಒಂದನ್ನೊಂದು ದಾಟಲು, ಗೋರ್ಟನ್ ಎಂಬ ಕ್ರಾಸಿಂಗ್ ಇತ್ತು. ಅಲ್ಲಿನ ಮಕ್ಕಳಿಗೆ ಶಾಲೆ ಬೇಕಲ್ಲ? ಪ್ಲಾಟ್‌ಫಾರ್ಮ್ ಮೇಲೆ ಒಂದು ಹಳೆಯ ರೈಲು ಬೋಗಿ ಇಟ್ಟು ಅದನ್ನೇ ಶಾಲೆ ಮಾಡಿದರು. ಮೇಷ್ಟರು ರೈಲಿನಲ್ಲಿ ಬಂದು ಪಾಠ ಹೇಳಿ ಹೋಗಬೇಕಿತ್ತು. ಇದನ್ನು ಓದಿ ಮುಗುಳ್ನಗೆ ಬರುತ್ತದೆ, ಆದರೆ ಇದು ನಿರ್ವಹಣೆಯ ಖರ್ಚಿನ ಭಾಗವೇ. ಮಕ್ಕಳ ಓದು ನಡೆಯದಿದ್ದರೆ ಗ್ಯಾಂಗ್‌ಮನ್ ಅಲ್ಲಿ ನಿಲ್ಲುವುದಿಲ್ಲ. ಅವನು ನಿಲ್ಲದಿದ್ದರೆ ಹಿಮ ಬಿದ್ದ ಮುಂಜಾನೆ ಹಳಿ ನೋಡುವವರು ಯಾರು?

ಹಿಮದ ಕಾಟ ಬೇರೆ. ರಾನಕ್‌ಗೂ ಕೊರೌರ್‌ಗೂ ನಡುವೆ ಕ್ರುವಾಕ್ ಎಂಬಲ್ಲಿ ಬಂಡೆ ಕಡಿದು ಮಾಡಿದ ಕಟಿಂಗ್ ಇದೆ. ಗಾಳಿ ತಂದ ಹಿಮ ಅದರೊಳಗೆ ತುಂಬಿ ರೈಲು ಸಿಕ್ಕಿಕೊಳ್ಳುತ್ತಿತ್ತು. ಆ ಕಟಿಂಗಿಗೆ ತಗಡಿನ ಮಾಡು ಹೊದಿಸಿದರು. ಬ್ರಿಟನ್ನಿನಲ್ಲಿ ಇಂಥದ್ದು ಇದೊಂದೇ. ಉಳಿದ ಕಡೆ ಹಳೆಯ ಸ್ಲೀಪರುಗಳನ್ನು ನಿಲ್ಲಿಸಿ ಬೇಲಿ ಕಟ್ಟಿದರು, ಹಿಮ ಹಳಿಗೆ ಬರುವ ಮೊದಲೇ ಬಿದ್ದುಕೊಳ್ಳಲಿ ಅಂತ. ಹಳಿಯಿಂದ ಕಿತ್ತ ಸ್ಲೀಪರಿಗೆ ಎರಡನೇ ಉದ್ಯೋಗ.

1980ರ ದಶಕದ ಕೊನೆಯಲ್ಲಿ ಸಿಗ್ನಲ್ ಕಂಬ, ತಂತಿಗಳ ಕಾಲ ಮುಗಿದು ರೇಡಿಯೋ ಟೋಕನ್ ಬಂತು. ಫೋರ್ಟ್ ವಿಲಿಯಂ ಹತ್ತಿರದ ಬನಾವಿಯಿಂದ ಚಾಲಕನಿಗೆ ರೇಡಿಯೋದಲ್ಲೇ ಮುಂದಿನ ತುಂಡಿನ ಟೋಕನ್, ಅಂದರೆ ಆ ಒಂಟಿ ಹಳಿಯ ಮೇಲೆ ಹೋಗಲು ಪರವಾನಗಿ, ಸಿಗುತ್ತದೆ. ಇದನ್ನು ಸಿಗ್ನಲ್ ಸುಧಾರಣೆ ಅನ್ನುವುದಕ್ಕಿಂತ ನಿರ್ವಹಣೆಯ ಸುಧಾರಣೆ ಅಂತ ನಾನು ನೋಡುತ್ತೇನೆ. ಬಯಲಿನಲ್ಲಿ ಇಲ್ಲದ ಕಂಬ ಗಾಳಿಗೆ ಬೀಳುವುದಿಲ್ಲ. ಆದರೆ ಸಿಗ್ನಲ್‌ಮನ್ನೂ ಸ್ಟೇಷನ್ ಬಿಟ್ಟು ಹೋದ, ದಾರಿಯ ಮೇಲಿದ್ದ ಅವನ ಕಣ್ಣೂ ಹೋಯಿತು.

ಪೆಟ್ಟು ಬಿದ್ದದ್ದು ಎಲ್ಲಿ

ಇಷ್ಟೆಲ್ಲ ಓದಿದ ಮೇಲೆ ಈ ದಾರಿಯ ದೊಡ್ಡ ಅಪಾಯ ಹುದುಲೇ ಅಂತ ಅನ್ನಿಸುತ್ತದೆ. ನಡೆದದ್ದು ಬೇರೆ.

ಬಯಲು ದಾಟಿ ಉತ್ತರಕ್ಕೆ ಇಳಿದರೆ ಟ್ರೇಗ್ ಸರೋವರ. ಹಳಿ ಅದರ ದಂಡೆಯ ಮೇಲೆ, ಕಡಿದಾದ ಇಳಿಜಾರಿನ ಮಗ್ಗುಲಲ್ಲಿ ಹೋಗುತ್ತದೆ. ಫೋರ್ಟ್ ವಿಲಿಯಂನ ಅಲ್ಯೂಮಿನಿಯಂ ಕಾರ್ಖಾನೆಯ ವಿದ್ಯುತ್ತಿಗಾಗಿ ಸರೋವರಕ್ಕೆ ಕಟ್ಟೆ ಕಟ್ಟಿದಾಗ ನೀರಿನ ಮಟ್ಟ ಏರಿತು. ಅದಕ್ಕಾಗಿ 1930ರ ದಶಕದ ಆರಂಭದಲ್ಲಿ ಇಲ್ಲಿ ಸುಮಾರು ಒಂದೂವರೆ ಮೈಲಿ ಹಳಿಯನ್ನು ಮೇಲಕ್ಕೆ ಸರಿಸಿದ್ದರು. 2012ರ ಜೂನ್ 28ರಂದು ಜೋರು ಮಳೆಗೆ ಸರೋವರದ ಮೇಲಿನ ಇಳಿಜಾರು ಕುಸಿದು ಹಳಿಯ ಮೇಲೆ ಬಂತು. ಅದೇ ಕಾರ್ಖಾನೆಗೆ ಅಲ್ಯೂಮಿನಾ ಒಯ್ಯುತ್ತಿದ್ದ ಸರಕು ರೈಲು ಅದಕ್ಕೆ ಬಡಿದು, ಎಂಜಿನ್ ಏರಿಯಿಂದ ಕೆಳಕ್ಕೆ ಉರುಳಿತು. ಎಂಜಿನ್ನನ್ನು ವಾಪಸ್ ಎತ್ತಿ ತರಲು ಆಗಲಿಲ್ಲ. ಕ್ರೇನ್ ಬರಲು ರಸ್ತೆಯಿಲ್ಲ. ಕೊನೆಗೆ ಅದನ್ನು ಅಲ್ಲೇ ಕತ್ತರಿಸಿ ಚೂರು ಚೂರಾಗಿ ಸಾಗಿಸಿದರು.

ಓಬನ್ ಕಡೆಗೆ ಹೋಗುವ ಪಕ್ಕದ ದಾರಿಯಲ್ಲಿ 1880ರ ದಶಕದಿಂದಲೇ ಒಂದು ಜಾಣ ಏರ್ಪಾಡಿದೆ. ಬೆಟ್ಟದ ಮಗ್ಗುಲಿಗೆ ಸಾಲು ತಂತಿಗಳ ಪರದೆ. ಮೇಲಿಂದ ಬಂಡೆ ಉರುಳಿ ತಂತಿ ಕಿತ್ತರೆ ಸಿಗ್ನಲ್ ತಾನಾಗಿ ಅಪಾಯಕ್ಕೆ ತಿರುಗುತ್ತದೆ. ಗಾಳಿಗೆ ತಂತಿ ಗುಂಯ್ ಅನ್ನುವುದರಿಂದ ಅದಕ್ಕೆ ಪಿಯಾನೋ ಅಂತಲೇ ಹೆಸರು. 2010ರ ಜೂನ್ 6ರಂದು ಅಲ್ಲೇ ಬಂಡೆಗೆ ಬಡಿದು ಪ್ರಯಾಣಿಕರ ರೈಲು ಹಳಿ ತಪ್ಪಿತು. ಆ ಬಂಡೆ ತಂತಿಯ ಮೇಲಿನಿಂದ ಬಂದದ್ದಲ್ಲ. ತಂತಿಗೂ ಹಳಿಗೂ ನಡುವಿನ ಜಾಗದಿಂದ, ರೈಲ್ವೆಯ ಬೇಲಿಯೊಳಗಿನಿಂದಲೇ ಸಡಿಲಾಗಿ ಉರುಳಿದ್ದು.

ಹುದುಲಿಗೂ ಇಳಿಜಾರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಹುದುಲು ದಿನಾ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಹಳಿಯ ಮೇಲೆ ಗುರುತು ಬಿಡುತ್ತದೆ, ಅಳೆಯಬಹುದು, ಮುಂದಿನ ತಿಂಗಳು ಎಷ್ಟಾದೀತು ಅಂತ ಊಹಿಸಬಹುದು. ಅದರ ಮೇಲೆ ಯಾವಾಗಲೂ ಯಾರದ್ದಾದರೂ ಕಣ್ಣಿರುತ್ತದೆ, ಯಾಕೆಂದರೆ ಅದನ್ನು ಮೊದಲ ದಿನದಿಂದಲೇ ಯಾರೂ ನಂಬಿರಲಿಲ್ಲ. ಇಳಿಜಾರು ನೂರು ವರ್ಷ ಸುಮ್ಮನಿರುತ್ತದೆ. ಒಂದು ಮಳೆಗೆ ಒಂದು ನಿಮಿಷದಲ್ಲಿ ಬರುತ್ತದೆ. ಅದೂ ಎಷ್ಟೋ ಕಡೆ ರೈಲ್ವೆಯ ಜಾಗದ ಆಚೆಯಿಂದ, ಬೇರೆಯವರ ಗುಡ್ಡದಿಂದ. ಗ್ಯಾಂಗ್‌ಮನ್ನಿನ ದಿನದ ನಡಿಗೆ ಹಳಿಯ ಮೇಲೆ, ಅವನ ಕಣ್ಣು ಕೆಳಗೆ.

ಈಗ ಹಳಿ ಅಳೆಯುವ ಯಂತ್ರಗಾಡಿ ಬಯಲಿನ ಮೇಲೆ ಓಡಿ ಎಲ್ಲಿ ಎಷ್ಟು ತಿರುಚಿದೆ ಅಂತ ಬರೆದುಕೊಂಡು ಹೋಗುತ್ತದೆ. ಜೋರು ಮಳೆಯ ಮುನ್ಸೂಚನೆ ಇದ್ದರೆ ವೇಗ ಇಳಿಸುತ್ತಾರೆ, ಬೇಕೆನಿಸಿದರೆ ರೈಲನ್ನೇ ನಿಲ್ಲಿಸುತ್ತಾರೆ. ಕೊಂಬೆಯ ಚಾಪೆ ಮಾತ್ರ 1890ರ ದಶಕದ್ದೇ. ರಾನಕ್ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರ್ಮ್ ತುದಿಗೆ ನಡೆದರೆ ರೆಂಟನ್‌ರ ಕಲ್ಲುಮುಖ ಸಿಗುತ್ತದೆ, ಕಲ್ಲುಹೂವು ಹಿಡಿದು ಮೂಗು ಬಾಯಿ ಸ್ವಲ್ಪ ಮಸುಕು. ಅದರ ಆಚೆ ಹಳಿ ಉತ್ತರಕ್ಕೆ ಹೋಗುತ್ತದೆ, ಎರಡು ಬದಿಯಲ್ಲೂ ಕಂದು ನೀರಿನ ತೆಳ್ಳನೆಯ ಚರಂಡಿ.